ಹೊಸ ಮದ್ದಿಗೆ ಹಳೆಯ ಪಾಠ ಸಾಲದು

ಒಂದು ಔಷಧವು ಊರಿಗೆ ಬರುವ ದಾರಿ ಬೇರೆ. ಆ ಔಷಧವನ್ನು ಕುರಿತ ತಿಳಿವಳಿಕೆಯು ಊರಿಗೆ ಬರುವ ದಾರಿ ಬೇರೆ. ಮೊದಲನೆಯದು ವ್ಯಾಪಾರದ ದಾರಿ. ಅಲ್ಲಿ ಸರಕು ವಾರದೊಳಗೆ ಕಾರ್ಖಾನೆಯಿಂದ ಅಂಗಡಿಗೆ ಸಾಗುವುದು. ಎರಡನೆಯದು ವಿದ್ಯೆಯ ದಾರಿ. ಅಲ್ಲಿ ಒಂದು ವಿಷಯವು ದೊಡ್ಡ ನಗರದ ವೈದ್ಯಕೀಯ ಸಮ್ಮೇಳನದಿಂದ ಹೊರಟು ಸಣ್ಣ ಊರಿನ ದಾದಿಯ ಕಿವಿಯನ್ನು ಮುಟ್ಟುವ ಹೊತ್ತಿಗೆ ವರ್ಷಗಳೇ ಉರುಳುವುದುಂಟು. ಮುಟ್ಟದೆ ಉಳಿಯುವುದೂ ಉಂಟು. ಮಧುಮೇಹದ ಚಿಕಿತ್ಸೆಯಲ್ಲಿ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಆಗಿರುವ ಬದಲಾವಣೆಯನ್ನು ಗಮನಿಸಿದರೆ ಈ ಎರಡು ದಾರಿಗಳ ನಡುವಣ ಅಂತರವು ಎಷ್ಟು ಬೆಳೆದಿದೆಯೆಂಬುದು ಗೊತ್ತಾಗುವುದು. ಬೆಂಗಳೂರಿನಲ್ಲಿ ಮಾರುವ ಗುಳಿಗೆಯೇ ಇಂದು ಹೊಸಪೇಟೆಯಲ್ಲಿಯೂ ದೊರೆಯುತ್ತದೆ. ಆದರೆ ಆ ಗುಳಿಗೆಯನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು, ಯಾವ ದಿನ ನಿಲ್ಲಿಸಬೇಕು ಎಂಬ ಅರಿವು ಅಷ್ಟೇ ಸುಲಭವಾಗಿ ದೊರೆಯುವುದೆ? ಈ ಅರಿವನ್ನು ವೈದ್ಯರಿಗೂ ದಾದಿಯರಿಗೂ ಔಷಧಿ ಅಂಗಡಿಯವರಿಗೂ ನಿರಂತರವಾಗಿ ಒದಗಿಸುವ ಹೊಣೆಯನ್ನು ವ್ಯಾಪಾರಕ್ಕೆ ಬಿಡಲಾಗದು. ಅದು ಸಾರ್ವಜನಿಕ ಹೊಣೆ. ಈ ಮಾತನ್ನು ಪ್ರತಿಪಾದಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವಿದೆಯೆಂದು ತಿಳಿಸಿತು. ಒಟ್ಟು ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ಇನ್ನೂ ನೂರಕ್ಕೆ 15.3 ಮಂದಿ ಆ ರೋಗದ ಹೊಸ್ತಿಲಲ್ಲಿ ನಿಂತಿದ್ದಾರೆ. ಇಷ್ಟು ಜನರನ್ನು ನೋಡಿಕೊಳ್ಳುವಷ್ಟು ಮಧುಮೇಹ ತಜ್ಞರು ಎಲ್ಲಿಯೂ ಇಲ್ಲ. ಆದಕಾರಣ ರೋಗಿಗಳಲ್ಲಿ ಬಹುಪಾಲಿನವರ ಭಾರವು ಸಾಮಾನ್ಯ ವೈದ್ಯರ ಮೇಲೆಯೇ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಲೆಯೇ ಬಿದ್ದಿದೆ.

ನಮ್ಮ ಸೀಮೆಯನ್ನೇ ತೆಗೆದುಕೊಳ್ಳೋಣ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಈ ನಾಲ್ಕು ಊರುಗಳು ಒಂದಕ್ಕೊಂದು ಹತ್ತಿರವಾಗಿದ್ದರೂ ಇಲ್ಲಿನ ಮಧುಮೇಹಿಗಳ ಬಾಳು ಒಂದೇ ಬಗೆಯದಲ್ಲ. ಸಂಡೂರಿನ ಗಣಿಗಳ ಕಡೆ ಪಾಳಿಯ ದುಡಿಮೆ. ರಾತ್ರಿ ಅದಿರಿನ ಲಾರಿಯನ್ನು ನಡೆಸುವವನಿಗೆ ಊಟದ ಹೊತ್ತು ನಿಶ್ಚಿತವಾಗಿರುವುದಿಲ್ಲ. ಕಂಪ್ಲಿಯ ಕಡೆ ತುಂಗಭದ್ರೆಯ ನೀರಿನ ಬತ್ತದ ಗದ್ದೆ. ಅಲ್ಲಿ ಕಾಲು ದಿನವಿಡೀ ಕೆಸರಿನಲ್ಲಿ, ತಲೆ ಬಿಸಿಲಿನಲ್ಲಿ. ಹಂಪಿಯಲ್ಲಿ ಕಾದ ಬಂಡೆ, ದೇವಾಲಯದ ಬರಿಗಾಲ ನಡಿಗೆ. ಹೊಸಪೇಟೆಯಲ್ಲಿ ಪೇಟೆಯ ಜೀವನ, ಕುಳಿತು ಮಾಡುವ ಕೆಲಸ. ಮೇಲಾಗಿ 2021ರಲ್ಲಿ ವಿಜಯನಗರ ಜಿಲ್ಲೆಯು ರಚನೆಯಾದ ಮೇಲೆ ಹೊಸಪೇಟೆ ಮತ್ತು ಹಂಪಿ ಆ ಜಿಲ್ಲೆಗೂ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಗೂ ಸೇರಿವೆ. ರೋಗಿಯು ಈ ಗೆರೆಯನ್ನು ದಾಟಿ ಹತ್ತಿರದ ಆಸ್ಪತ್ರೆಗೆ ಹೋಗುತ್ತಾನೆ. ಸರಕಾರದ ತರಬೇತಿಗಳು ಮಾತ್ರ ಜಿಲ್ಲೆಯ ಗೆರೆಯೊಳಗೆ ನಡೆಯುತ್ತವೆ.

ವೈದ್ಯನಲ್ಲದ, ಭೌತಶಾಸ್ತ್ರವನ್ನು ಬೋಧಿಸುವ ಒಬ್ಬನು ಈ ವಿಷಯದಲ್ಲಿ ಬಾಯಿ ಹಾಕುವುದು ಸರಿಯೆ ಎಂದು ಕೆಲವರು ಕೇಳಬಹುದು. ಔಷಧವನ್ನು ಸೂಚಿಸುವ ಅಧಿಕಾರ ನನಗಿಲ್ಲ; ಸೂಚಿಸುವುದೂ ಇಲ್ಲ. ಆದರೆ ಕಲಿತ ವಿದ್ಯೆಯು ಕಾಲಕ್ರಮದಲ್ಲಿ ಹೇಗೆ ಹಳತಾಗುವುದು, ಅದನ್ನು ಹೊಸತು ಮಾಡುವ ಬಗೆ ಯಾವುದು ಎಂಬ ಪ್ರಶ್ನೆಯು ಎಲ್ಲ ಅಧ್ಯಾಪಕರಿಗೂ ಸೇರಿದ್ದು.

ಮಧುಮೇಹದ ವಿದ್ಯೆ ಎಷ್ಟು ಬೇಗ ಹಳತಾಗಿದೆಯೆಂಬುದನ್ನು ಇತಿಹಾಸದಿಂದ ತಿಳಿಯಬಹುದು. 1921ರಲ್ಲಿ ಕೆನಡದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಮೇದೋಜೀರಕಾಂಗದಿಂದ ಇನ್ಸುಲಿನ್ ಸಾರವನ್ನು ತೆಗೆದರು. 1922ರ ಜನವರಿಯಲ್ಲಿ ಅದು ಮೊದಲ ರೋಗಿಯ ಮೈಗೆ ಸೇರಿತು. ಮದರಾಸಿನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ 1948ರಲ್ಲಿ ಡಾ. ಎಂ. ವಿಶ್ವನಾಥನ್ ಅವರು ಮಧುಮೇಹಕ್ಕೆಂದೇ ಒಂದು ಚಿಕಿತ್ಸಾಲಯವನ್ನು ತೆರೆದಾಗ ನಮ್ಮ ಹೊಸಪೇಟೆಯು ಆ ಮದರಾಸು ಪ್ರಾಂತ್ಯಕ್ಕೇ ಸೇರಿತ್ತು. ಮೈಸೂರು ರಾಜ್ಯಕ್ಕೆ ಸೇರಿದುದು 1953ರಲ್ಲಿ. ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಆರಂಭವಾದುದು 1961ರಲ್ಲಿ. ಫ್ರಾನ್ಸಿನ ಜೀನ್ ಸ್ಟರ್ನ್ ಎಂಬ ವೈದ್ಯನು 1957ರಲ್ಲಿ ಮೆಟ್‌ಫಾರ್ಮಿನ್ ಎಂಬ ಔಷಧದ ಗುಣವನ್ನು ಪ್ರಕಟಿಸಿದನು. ಇಂದಿಗೂ ಮಧುಮೇಹದ ಚಿಕಿತ್ಸೆಗೆ ಅದೇ ತಳಹದಿ. ಹೀಗೆ ಬಹುಕಾಲ ಒಬ್ಬ ವೈದ್ಯನು ಇನ್ಸುಲಿನ್, ಮೆಟ್‌ಫಾರ್ಮಿನ್, ಮತ್ತು ಮೇದೋಜೀರಕಾಂಗವನ್ನು ಕೆರಳಿಸಿ ಇನ್ಸುಲಿನ್ ಹೊರಡಿಸುವ ಸಲ್ಫೊನಿಲ್‌ಯೂರಿಯ ಗುಂಪಿನ ಗುಳಿಗೆಗಳು, ಇಷ್ಟನ್ನು ಅರಿತಿದ್ದರೆ ಸಾಕಾಗುತ್ತಿತ್ತು.

ಇನ್ನು 1995ರಲ್ಲಿ ಪದವಿ ಪಡೆದ ವೈದ್ಯರೊಬ್ಬರನ್ನು ಊಹಿಸಿಕೊಳ್ಳೋಣ. ಅವರು ಕಾಲೇಜು ಬಿಟ್ಟ ಮೇಲೆ ಏನೇನಾಯಿತು? 1999ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ರೋಸಿಗ್ಲಿಟಜೋನ್ ಎಂಬ ಗುಳಿಗೆಯು ರಕ್ತದ ಸಕ್ಕರೆಯನ್ನು ಇಳಿಸಿತು. ಆದರೆ ಅದರಿಂದ ಹೃದಯಾಘಾತ ಹೆಚ್ಚುವುದೆಂಬ ಶಂಕೆಯು 2007ರಲ್ಲಿ ಎದ್ದಿತು. 2010ರಲ್ಲಿ ಭಾರತವು ಅದನ್ನು ನಿಷೇಧಿಸಿತು. ಸಕ್ಕರೆಯನ್ನು ಎಷ್ಟು ತಗ್ಗಿಸಿದರೆ ಅಷ್ಟು ಒಳ್ಳೆಯದೆಂಬ ನಂಬಿಕೆಯಿತ್ತು. 10,251 ರೋಗಿಗಳ ಮೇಲೆ ನಡೆದ ಅಕಾರ್ಡ್ ಎಂಬ ಪರೀಕ್ಷೆಯಲ್ಲಿ ಅತಿಯಾಗಿ ತಗ್ಗಿಸಲು ಹೊರಟ ಗುಂಪಿನಲ್ಲಿಯೇ ಸಾವು ಹೆಚ್ಚಾಗಿ, 2008ರಲ್ಲಿ ಆ ಭಾಗವನ್ನು ನಿಲ್ಲಿಸಬೇಕಾಯಿತು. ಮೆಟ್‌ಫಾರ್ಮಿನ್ನನ್ನು ರಕ್ತದ ಕ್ರಿಯಾಟಿನಿನ್ ಪ್ರಮಾಣವೊಂದನ್ನೇ ನೋಡಿ ನಿಲ್ಲಿಸುವ ಪದ್ಧತಿಯಿತ್ತು. 2016ರಲ್ಲಿ ಅಮೆರಿಕದ ಔಷಧ ಆಡಳಿತವು ಮೂತ್ರಪಿಂಡವು ರಕ್ತವನ್ನು ಸೋಸುವ ವೇಗವನ್ನು ಲೆಕ್ಕ ಹಾಕಿ ನಿರ್ಧರಿಸಬೇಕೆಂದು ನಿಯಮವನ್ನು ಬದಲಿಸಿತು. ಇವು ಪಾಠವೇ ಬದಲಾದ ಸಂದರ್ಭಗಳು. ಕಾಲೇಜಿನಲ್ಲಿ ಎಷ್ಟೇ ಚೆನ್ನಾಗಿ ಕಲಿತಿದ್ದರೂ ಅಲ್ಲಿ ಕಲಿತುದರ ಬಲದಿಂದ ಇವನ್ನು ಊಹಿಸಲಾಗದು, ಹೊಸದಾಗಿ ತಿಳಿಯಲೇಬೇಕು.

ರೋಸಿಗ್ಲಿಟಜೋನಿನ ಕಥೆಯಿಂದ ಇನ್ನೊಂದು ಫಲವೂ ದೊರೆಯಿತು. ಮಧುಮೇಹದ ಹೊಸ ಔಷಧಗಳು ಹೃದಯಕ್ಕೆ ಹಾನಿ ಮಾಡುವುದಿಲ್ಲವೆಂಬುದನ್ನು ಪರೀಕ್ಷಿಸಿ ತೋರಿಸಬೇಕೆಂದು ಅಮೆರಿಕದ ಔಷಧ ಆಡಳಿತವು 2008ರಲ್ಲಿ ವಿಧಿಸಿತು. ಹಾನಿಯಿಲ್ಲವೆಂದು ತೋರಿಸಲು ನಡೆದ ಪರೀಕ್ಷೆಯೊಂದು ಅನಿರೀಕ್ಷಿತವಾದ ಒಳಿತನ್ನು ತೋರಿಸಿತು. ಅದು ಎಸ್.ಜಿ.ಎಲ್.ಟಿ.-2 ತಡೆಗಳೆಂಬ ಗುಂಪಿನ ಗುಳಿಗೆಗಳ ವಿಷಯ. ಅವು ಕೆಲಸ ಮಾಡುವ ಬಗೆ ಸರಳವಾಗಿದೆ. ಆರೋಗ್ಯವಂತನ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರೊಡನೆ ಸುಮಾರು 180 ಗ್ರಾಂ ಗ್ಲೂಕೋಸ್ ಸಕ್ಕರೆಯೂ ಸೋಸಿ ಹೋಗುತ್ತದೆ. ಆದರೆ ಸೋಸಿದುದೆಲ್ಲವನ್ನೂ ಮೂತ್ರನಾಳಿಕೆಗಳು ಮತ್ತೆ ಹೀರಿ ರಕ್ತಕ್ಕೆ ಒಪ್ಪಿಸುತ್ತವೆ. ಹೀಗೆ ಹೀರುವ ಸಾಗಣೆಯ ಅಣುವನ್ನು ಈ ಗುಳಿಗೆಯು ತಡೆಯುವುದು. ಆಗ ಮಧುಮೇಹಿಯ ಮೂತ್ರದಲ್ಲಿ ದಿನಕ್ಕೆ ಸುಮಾರು 60ರಿಂದ 80 ಗ್ರಾಂ ಸಕ್ಕರೆಯೂ ಅದರೊಡನೆ ಸ್ವಲ್ಪ ಉಪ್ಪೂ ನೀರೂ ಹೊರಬೀಳುವುವು. ಎಂಪಾಗ್ಲಿಫ್ಲೋಜಿನ್ ಎಂಬ ಗುಳಿಗೆಯನ್ನು ಹೃದ್ರೋಗವಿದ್ದ 7,020 ಮಧುಮೇಹಿಗಳಲ್ಲಿ ಪರೀಕ್ಷಿಸಿದ ಫಲಿತಾಂಶವು 2015ರಲ್ಲಿ ಪ್ರಕಟವಾಯಿತು. ಹೃದಯ ಮತ್ತು ರಕ್ತನಾಳಗಳ ರೋಗದಿಂದ ಆಗುವ ಸಾವು ನೂರಕ್ಕೆ 38ರಷ್ಟು ಕಡಮೆಯಾಗಿತ್ತು. 2019 ಮತ್ತು 2020ರ ಪರೀಕ್ಷೆಗಳು ಈ ಗುಂಪಿನ ಔಷಧಗಳು ಮೂತ್ರಪಿಂಡಗಳನ್ನೂ ಕಾಪಾಡುವುವೆಂದು ತೋರಿಸಿದುವು. ಸಕ್ಕರೆಯ ಅಂಕೆಯನ್ನು ಇಳಿಸುವುದಷ್ಟೇ ಚಿಕಿತ್ಸೆಯ ಗುರಿಯೆಂದು ತಿಳಿದಿದ್ದ ಕಾಲವು ಹೋಗಿ, ಹೃದಯವನ್ನೂ ಮೂತ್ರಪಿಂಡವನ್ನೂ ಉಳಿಸುವುದು ಗುರಿಯಾಯಿತು.

ಇಷ್ಟರಲ್ಲಿ ಬೆಲೆಯ ತಡೆಯೂ ಮುರಿಯಿತು. ಈ ಗುಂಪಿನ ಡಪಾಗ್ಲಿಫ್ಲೋಜಿನ್ನಿನ ಪೇಟೆಂಟ್ ಹಕ್ಕು ಭಾರತದಲ್ಲಿ 2020ರಲ್ಲಿಯೂ ಎಂಪಾಗ್ಲಿಫ್ಲೋಜಿನ್ನಿನದು 2025ರ ಮಾರ್ಚಿಯಲ್ಲಿಯೂ ಮುಗಿದುವು. ಕೂಡಲೆ ಅನೇಕ ದೇಶೀಯ ಕಂಪೆನಿಗಳು ತಮ್ಮ ತಮ್ಮ ಹೆಸರಿನಲ್ಲಿ ಅವನ್ನು ಮಾರಲಾರಂಭಿಸಿದುವು. ಒಂದಕ್ಕೆ ಸುಮಾರು 60 ರೂಪಾಯಿಯಿದ್ದ ಗುಳಿಗೆಯು 10 ರೂಪಾಯಿಯ ಆಸುಪಾಸಿಗೂ, ಕೆಲವೆಡೆ ಅದಕ್ಕಿಂತ ಕೆಳಕ್ಕೂ ಇಳಿಯಿತು. ಇದು ಸಂತೋಷದ ಸಂಗತಿ. ನಿನ್ನೆಯವರೆಗೆ ಶ್ರೀಮಂತರ ಮದ್ದಾಗಿದ್ದುದು ಇಂದು ಕೂಲಿಕಾರನ ಕೈಗೂ ಎಟಕುವಂತಾಯಿತು. ಆದರೆ ಬೆಲೆಯು ಇಳಿದ ವೇಗದಲ್ಲಿ ಅರಿವು ಏರಲಿಲ್ಲವೆಂದರೆ ಏನಾಗಬಹುದೆಂಬುದನ್ನೂ ನೋಡಬೇಕು.

ಕಂಪ್ಲಿಯ ಕಡೆಯ ಒಬ್ಬ ರೈತನು ಈ ಗುಳಿಗೆಯನ್ನು ಸೇವಿಸುತ್ತಿದ್ದಾನೆಂದು ಭಾವಿಸೋಣ. ಮೇ ತಿಂಗಳು, ಉಷ್ಣಮಾನ 40 ಡಿಗ್ರಿಯನ್ನು ದಾಟಿದೆ. ಅವನಿಗೆ ವಾಂತಿ ಭೇದಿ ಹತ್ತುತ್ತದೆ. ಎರಡು ದಿನ ಅನ್ನ ಸೇರುವುದಿಲ್ಲ. ಆದರೂ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಿಡಬಾರದೆಂದು ಮನೆಯವರು ನುಂಗಿಸುತ್ತಾರೆ. ಗುಳಿಗೆಯು ತನ್ನ ಕೆಲಸವನ್ನು ಬಿಡುವುದಿಲ್ಲ. ಸಕ್ಕರೆಯನ್ನೂ ನೀರನ್ನೂ ಹೊರಹಾಕುತ್ತಲೇ ಇರುತ್ತದೆ. ಉರಿಸಲು ಸಕ್ಕರೆಯಿಲ್ಲದ ಮೈಯು ಕೊಬ್ಬನ್ನು ಉರಿಸತೊಡಗಿ, ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ಕೂಡಿಕೊಳ್ಳುತ್ತವೆ. ಉಸಿರು ಏರುತ್ತದೆ. ಆಸ್ಪತ್ರೆಗೆ ಒಯ್ದಾಗ ದಾದಿಯು ಬೆರಳಿನ ರಕ್ತವನ್ನು ಪರೀಕ್ಷಿಸುತ್ತಾಳೆ. ಮೀಟರು 180 ತೋರಿಸುತ್ತದೆ. ಹಳೆಯ ಪಾಠದ ಪ್ರಕಾರ ಮಧುಮೇಹದ ಆಮ್ಲವಿಕಾರದಲ್ಲಿ ಸಕ್ಕರೆಯು 250ಕ್ಕಿಂತ ಬಹಳ ಮೇಲಿರಬೇಕು. ಆದುದರಿಂದ ಆ ರೋಗವಲ್ಲವೆಂದು ತೀರ್ಮಾನವಾಗುವ ಸಂಭವವುಂಟು. ಹೊಸ ಪಾಠವು ಹೇಳುವುದು ಬೇರೆ: ಈ ಗುಳಿಗೆಯನ್ನು ಸೇವಿಸುವವನಲ್ಲಿ ಸಕ್ಕರೆಯ ಅಂಕೆಯು ಸಾಧಾರಣವಾಗಿದ್ದರೂ ಆಮ್ಲವು ಪ್ರಾಣಾಂತಿಕವಾಗಿರಬಹುದು, ಆದಕಾರಣ ಕೀಟೋನಿನ ಪರೀಕ್ಷೆಯನ್ನು ಮಾಡಬೇಕು. ಈ ಎಚ್ಚರಿಕೆಯನ್ನು ಅಮೆರಿಕದ ಔಷಧ ಆಡಳಿತವು 2015ರಲ್ಲಿಯೇ ಹೊರಡಿಸಿತು. ಶಸ್ತ್ರಚಿಕಿತ್ಸೆಗೆ ಮೂರು ನಾಲ್ಕು ದಿನ ಮುಂಚೆಯೇ ಈ ಗುಂಪಿನ ಗುಳಿಗೆಗಳನ್ನು ನಿಲ್ಲಿಸಬೇಕೆಂಬ ಸೂಚನೆಯು 2020ರಲ್ಲಿ ಬಂದಿತು. ಒಂದೇ ಗುಳಿಗೆಯು ಅರಿತವನ ಕೈಯಲ್ಲಿ ಪ್ರಾಣವನ್ನು ಉಳಿಸುವುದು. ಅರಿಯದವನ ಕೈಯಲ್ಲಿ ಅದೇ ಗುಳಿಗೆಯಿಂದ ಪ್ರಾಣಕ್ಕೆ ಅಪಾಯ.

ಚುಚ್ಚಿಕೊಳ್ಳುವ ಮದ್ದುಗಳದೂ ಇದೇ ಕಥೆ. ಗಿಲಾ ಎಂಬ ಅಮೆರಿಕದ ವಿಷದ ಹಲ್ಲಿಯ ಲಾಲಾರಸದಲ್ಲಿ ಕಂಡುಬಂದ ವಸ್ತುವಿನಿಂದ ಜಿ.ಎಲ್.ಪಿ.-1 ಗುಂಪಿನ ಮೊದಲ ಔಷಧವು 2005ರಲ್ಲಿ ಹೊರಬಂದಿತು. ಅದೇ ಗುಂಪಿನ ಸೆಮಾಗ್ಲುಟೈಡ್, ಅದಕ್ಕೆ ಬಂಧುವಾದ ಟಿರ್ಜೆಪಟೈಡ್ ಇವು ಸಕ್ಕರೆಯನ್ನೂ ಮೈತೂಕವನ್ನೂ ಇಳಿಸುವುವು. ಟಿರ್ಜೆಪಟೈಡ್ 2025ರಲ್ಲಿ ಭಾರತಕ್ಕೆ ಬಂದಿತು. 2025ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯು ಈ ಬಗೆಯ ಔಷಧಗಳನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಆದರೆ ಸೆಮಾಗ್ಲುಟೈಡಿನ ಒಂದು ದೊಡ್ಡ ಪರೀಕ್ಷೆಯಲ್ಲಿ ಕಣ್ಣಿನ ಅಕ್ಷಿಪಟಲದ ತೊಂದರೆಗಳು ಹೆಚ್ಚಾಗಿ ಕಂಡುಬಂದುವೆಂಬ ವಿಷಯವು 2016ರಲ್ಲಿಯೇ ಪ್ರಕಟವಾಗಿದೆ. ಸಕ್ಕರೆಯು ಬಹಳ ಬೇಗ ಇಳಿಯುವುದೇ ಇದಕ್ಕೆ ಕಾರಣವಿರಬೇಕೆಂದು ತಜ್ಞರು ಭಾವಿಸುತ್ತಾರೆ. ಆದುದರಿಂದ ಚುಚ್ಚುಮದ್ದಿಗೆ ಮುಂಚೆ ಕಣ್ಣಿನ ಪರೀಕ್ಷೆಯಾಗಬೇಕು. ತೂಕ ಇಳಿಸುವ ಮದ್ದೆಂಬ ಪ್ರಸಿದ್ಧಿಯು ಹಳ್ಳಿ ಹಳ್ಳಿಗೂ ತಲಪಿದೆ; ಕಣ್ಣಿನ ಪರೀಕ್ಷೆಯ ಮಾತು ಅಷ್ಟಾಗಿ ತಲಪಿಲ್ಲ.

ಹೊಸ ಮದ್ದು ಹಾಗಿರಲಿ, ನೂರು ವರ್ಷದ ಇನ್ಸುಲಿನ್ನಿಗೇ ಇನ್ನೂ ಪಾಠ ಬೇಕಾಗಿದೆ. ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ ಮಿಲಿಲೀಟರಿಗೆ 40 ಮಾನದ್ದೂ ಉಂಟು, 100 ಮಾನದ್ದೂ ಉಂಟು. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜು. 100ರ ಸೀಸೆಯ ಮದ್ದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ 20 ಮಾನವೆಂದು ತಿಳಿದು ಕೊಟ್ಟದ್ದು 50 ಮಾನವಾಗುವುದು. ಇದು ಪ್ರೌಢಶಾಲೆಯ ಗಣಿತ. ಆದರೆ ತಪ್ಪಿದರೆ ರೋಗಿಯು ಪ್ರಜ್ಞೆ ತಪ್ಪಿ ಬೀಳುವನು. ಇದನ್ನು ಹಿಡಿಯಬಲ್ಲವನು ಔಷಧಿ ಅಂಗಡಿಯವನು. ಹಾಗಾದರೆ ಪಾಠವು ವೈದ್ಯನೊಬ್ಬನಿಗೇ ಏಕೆ?

ಇನ್ಸುಲಿನ್ನನ್ನು ಇಡುವ ಬಗೆಯೂ ಹಾಗೆಯೇ. ಬಿಚ್ಚದ ಸೀಸೆಯನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು, ಹೆಪ್ಪುಗಟ್ಟಿಸಬಾರದು. ಬಳಕೆಯಲ್ಲಿರುವ ಸೀಸೆಗೆ ತಂಪುಪೆಟ್ಟಿಗೆಯಿಲ್ಲದ ಮನೆಯಲ್ಲಿ ಏನು ಗತಿ? ಮಣ್ಣಿನ ಗಡಿಗೆಯೇ ಗತಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖವು ಬೇಕು. ಗಡಿಗೆಯ ರಂಧ್ರಗಳಿಂದ ಜಿನುಗುವ ನೀರು ಆ ಶಾಖವನ್ನು ಗಡಿಗೆಯಿಂದಲೇ ಸೆಳೆದುಕೊಂಡು ಅದನ್ನು ತಣ್ಣಗಾಗಿಸುವುದು. ನಮ್ಮ ಬೇಸಗೆಯ ಒಣ ಗಾಳಿಯಲ್ಲಿ ಈ ಉಪಾಯವು ಚೆನ್ನಾಗಿ ನಡೆಯುವುದು. ಮಳೆಗಾಲದ ತೇವದ ಗಾಳಿಯಲ್ಲಿ ಅಷ್ಟಾಗಿ ನಡೆಯದು. ಕೀನ್ಯದ ನಿರಾಶ್ರಿತರ ಶಿಬಿರದ ಸ್ಥಿತಿಯನ್ನು ಅನುಸರಿಸಿ ಜಿನೀವ ವಿಶ್ವವಿದ್ಯಾನಿಲಯದವರು ನಡೆಸಿದ ಪ್ರಯೋಗವು 2021ರಲ್ಲಿ ಪ್ರಕಟವಾಯಿತು. 25ರಿಂದ 37 ಡಿಗ್ರಿಗಳ ನಡುವೆ ಏರಿಳಿಯುವ ಉಷ್ಣಮಾನದಲ್ಲಿ ನಾಲ್ಕು ವಾರ ಇಟ್ಟರೂ ಇನ್ಸುಲಿನ್ನಿನ ಶಕ್ತಿಯು ಹೆಚ್ಚುಕಡಮೆ ಹಾಗೆಯೇ ಉಳಿದಿತ್ತು. ತಂಪುಪೆಟ್ಟಿಗೆಯಿಲ್ಲವೆಂದು ರೋಗಿಗೆ ಇನ್ಸುಲಿನ್ನನ್ನೇ ನಿರಾಕರಿಸುವುದು ಸರಿಯಲ್ಲವೆಂಬುದು ಇದರಿಂದ ತಿಳಿಯುವುದು. ಇಂಥ ವಿಷಯವು ಆಶಾ ಕಾರ್ಯಕರ್ತೆಗೆ ತಿಳಿದಿದ್ದರೆ ಎಷ್ಟೋ ಮನೆಗಳಿಗೆ ಪ್ರಯೋಜನವಾದೀತು.

ಹಾಗಾದರೆ ನಮ್ಮಲ್ಲಿ ಮುಂದುವರಿದ ಶಿಕ್ಷಣದ ಏರ್ಪಾಡು ಇಲ್ಲವೆ? ಇದೆ. ವೈದ್ಯರ ನಡವಳಿಕೆಯನ್ನು ಕುರಿತ 2002ರ ನಿಯಮಗಳ ಪ್ರಕಾರ ಪ್ರತಿಯೊಬ್ಬ ವೈದ್ಯನೂ ಐದು ವರ್ಷಗಳಲ್ಲಿ 30 ಗಂಟೆಗಳಷ್ಟಾದರೂ ಇಂಥ ಶಿಕ್ಷಣದಲ್ಲಿ ಭಾಗವಹಿಸಬೇಕು. ಲೆಕ್ಕ ಹಾಕಿದರೆ 1,800 ನಿಮಿಷಗಳು. ಐದು ವರ್ಷಗಳಲ್ಲಿ 1,826 ದಿನಗಳು. ದಿನಕ್ಕೆ ಒಂದು ನಿಮಿಷವೂ ಪೂರ್ತಿಯಾಗಿ ಆಗುವುದಿಲ್ಲ. ಅದೂ ಮಧುಮೇಹ ಒಂದಕ್ಕಲ್ಲ, ಇಡೀ ವೈದ್ಯಶಾಸ್ತ್ರಕ್ಕೆ! ಅನೇಕ ವೈದ್ಯರು ತಮ್ಮ ಆಸಕ್ತಿಯಿಂದಲೇ ಇದಕ್ಕಿಂತ ಬಹಳ ಹೆಚ್ಚು ಓದುವರೆಂಬುದು ನಿಜ. ಆದರೆ ನಿಯಮವು ಕೇಳುವುದು ಇಷ್ಟನ್ನೇ. ಮತ್ತು ಅದು ಕೇಳುವುದು ಹಾಜರಿಯನ್ನು, ಕಲಿಕೆಯನ್ನಲ್ಲ. ಕಾಲೇಜು ಅಧ್ಯಾಪಕರಿಗೂ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಪುನಶ್ಚೇತನ ಶಿಬಿರಗಳು ಏರ್ಪಟ್ಟಿವೆ. ಬಡ್ತಿಗೆ ಅವು ಅವಶ್ಯಕ. ಅಲ್ಲಿಗೆ ಹೋಗಿ ಬಂದವರಿಗೆಲ್ಲ ಗೊತ್ತು: ಪ್ರಮಾಣಪತ್ರದ ಮೇಲೆಯೇ ಕಣ್ಣಿದ್ದರೆ ಮನಸ್ಸು ಪಾಠದ ಮೇಲೆ ನಿಲ್ಲುವುದು ಕಷ್ಟ.

ಇದಕ್ಕಿಂತ ಮುಖ್ಯವಾದ ಪ್ರಶ್ನೆಯೆಂದರೆ ಪಾಠ ಹೇಳುವವರು ಯಾರು ಎಂಬುದು. ಸಣ್ಣ ಊರಿನ ವೈದ್ಯರ ಬಾಗಿಲಿಗೆ ಹೊಸ ಔಷಧದ ಸುದ್ದಿಯನ್ನು ತಪ್ಪದೆ ತರುವವನು ಕಂಪೆನಿಯ ಪ್ರತಿನಿಧಿ. ಅವನನ್ನು ಹೀಗಳೆಯಬೇಕಾಗಿಲ್ಲ. ಬಿಸಿಲಿನಲ್ಲಿ ಚೀಲ ಹೊತ್ತು ಊರಿಂದೂರಿಗೆ ಅಲೆದು, ತನ್ನ ಸರಕನ್ನು ಕುರಿತು ಹೇಳುವುದು ಅವನ ಕೆಲಸ. ಅವನು ಹೇಳುವುದು ಸುಳ್ಳೆಂದೂ ಅಲ್ಲ. ಆದರೆ ಅವನು ಹೇಳದೆ ಬಿಡುವುದು ಬಹಳವಿರುತ್ತದೆ. ಈ ರೋಗಿಗೆ ನನ್ನ ಔಷಧವು ಬೇಡ, ಹಳೆಯ ಮೆಟ್‌ಫಾರ್ಮಿನ್ನೇ ಸಾಕು ಎಂದು ಅವನು ಹೇಳಿಯಾನೆ? ಕಂಪೆನಿಗಳಿಂದ ಉಡುಗೊರೆಯನ್ನೂ ಪ್ರವಾಸದ ಸೌಲಭ್ಯವನ್ನೂ ವೈದ್ಯರು ಪಡೆಯಬಾರದೆಂದು 2009ರಲ್ಲಿ ನಿಯಮವಾಯಿತು. 2024ರಲ್ಲಿ ಕಂಪೆನಿಗಳ ಮಾರಾಟದ ರೀತಿನೀತಿಯನ್ನು ಕುರಿತ ಸಂಹಿತೆಯನ್ನು ಕೇಂದ್ರ ಸರಕಾರವು ಹೊರಡಿಸಿತು. ಇವು ಯುಕ್ತವೇ. ಆದರೆ ಬೇಡದುದನ್ನು ತಡೆಯುವ ನಿಯಮದಿಂದ ಬೇಕಾದುದು ತಾನಾಗಿಯೇ ಹುಟ್ಟುವುದಿಲ್ಲ. ಕಂಪೆನಿಯ ಸಭೆಗೆ ಬದಲಾಗಿ ಸಾರ್ವಜನಿಕವಾದ ಸಭೆಯು ಏರ್ಪಡದಿದ್ದರೆ ಆ ಜಾಗವು ಬರಿದಾಗಿಯೇ ಉಳಿಯುವುದು.

ಇದು ಆಗದ ಕೆಲಸವೇನೂ ಅಲ್ಲ. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾನಿಲಯದಲ್ಲಿ ಭಾರತೀಯ ಮೂಲದ ಡಾ. ಸಂಜೀವ್ ಅರೋರಾ ಅವರು 2003ರಲ್ಲಿ ಎಕೋ ಎಂಬ ಯೋಜನೆಯನ್ನು ಆರಂಭಿಸಿದರು. ಯಕೃತ್ತಿನ ಒಂದು ಸೋಂಕಿಗೆ ಚಿಕಿತ್ಸೆ ಪಡೆಯಲು ಹಳ್ಳಿಯ ರೋಗಿಗಳು ನೂರಾರು ಮೈಲಿ ಬರಬೇಕಾಗಿತ್ತು. ರೋಗಿಗಳನ್ನು ಕರೆಸುವ ಬದಲು ಹಳ್ಳಿಯ ವೈದ್ಯರನ್ನೇ ದೂರದೃಶ್ಯದ ಮೂಲಕ ವಾರಕ್ಕೊಮ್ಮೆ ಕೂಡಿಸಿ, ಅವರು ತಂದ ರೋಗಿಗಳ ವಿಷಯವನ್ನೇ ಪಾಠವಾಗಿ ಮಾಡಿದರು. 2011ರಲ್ಲಿ 407 ರೋಗಿಗಳ ಫಲಿತಾಂಶವು ಪ್ರಕಟವಾಯಿತು: ವಿಶ್ವವಿದ್ಯಾನಿಲಯದ ತಜ್ಞರಲ್ಲಿ ನೂರಕ್ಕೆ 57.5, ಹಳ್ಳಿಯ ವೈದ್ಯರಲ್ಲಿ ನೂರಕ್ಕೆ 58.2 ಮಂದಿ ಗುಣ ಹೊಂದಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಈ ವಿಧಾನವನ್ನು ಮಾನಸಿಕ ಆರೋಗ್ಯದ ವಿಷಯದಲ್ಲಿ ಬಳಸಿದೆ. ಮಧುಮೇಹಕ್ಕೆಂದೇ ಭಾರತೀಯ ಸಾರ್ವಜನಿಕ ಆರೋಗ್ಯ ಪ್ರತಿಷ್ಠಾನವು ಚೆನ್ನೈನ ಡಾ. ಮೋಹನ್ ಅವರ ಶಿಕ್ಷಣ ಸಂಸ್ಥೆಯೊಡನೆ ಕೂಡಿ 2010ರಲ್ಲಿ ಸಾಮಾನ್ಯ ವೈದ್ಯರಿಗಾಗಿ ತಿಂಗಳಿಗೊಮ್ಮೆ ಸೇರುವ ಒಂದು ವರ್ಷದ ಪಾಠಕ್ರಮವನ್ನು ಆರಂಭಿಸಿತು. ಹೀಗೆ ಮಾದರಿಗಳಿಗೆ ಕೊರತೆಯಿಲ್ಲ.

ನಮ್ಮ ನಾಲ್ಕು ಊರುಗಳಿಗೆ ಏನಾಗಬೇಕೆಂಬುದನ್ನು ಸ್ಪಷ್ಟವಾಗಿ ಹೇಳುವೆನು. ಬಳ್ಳಾರಿಯ ವೈದ್ಯಕೀಯ ಕಾಲೇಜನ್ನು ಕೇಂದ್ರವಾಗಿಟ್ಟುಕೊಂಡು, ಎರಡು ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಗೆರೆಯನ್ನು ಮರೆತು ಒಂದಾಗಿ, ತಿಂಗಳಿಗೊಮ್ಮೆ ಎರಡು ಗಂಟೆಯ ಪಾಠಸಭೆಯನ್ನು ಏರ್ಪಡಿಸಬೇಕು. ವರ್ಷಕ್ಕೆ 24 ಗಂಟೆ. ಐದು ವರ್ಷಕ್ಕೆ 120 ಗಂಟೆ. ನಿಯಮವು ಕೇಳುವುದಕ್ಕಿಂತ ನಾಲ್ಕು ಪಟ್ಟು. ವೆಚ್ಚವನ್ನು ಸರಕಾರವೇ ಹೊರಬೇಕು. ಕಂಪೆನಿಯ ಚಹವೂ ಅಲ್ಲಿ ಬೇಡ. ಪಾಠವು ನಮ್ಮ ರೋಗಿಗಳನ್ನು ಕುರಿತೇ ಇರಬೇಕು. ಸಂಡೂರಿನ ಲಾರಿ ಚಾಲಕನಿಗೆ, ಊಟ ತಪ್ಪಿದರೆ ಸಕ್ಕರೆಯನ್ನು ಪಾತಾಳಕ್ಕಿಳಿಸುವ ಹಳೆಯ ಗುಳಿಗೆ ಲೇಸೋ, ತಾನಾಗಿ ಅಷ್ಟು ಇಳಿಸದ ಹೊಸ ಗುಳಿಗೆ ಲೇಸೋ? ರಂಜಾನ್ ಉಪವಾಸ ಹಿಡಿಯುವವರಿಗೆ, ಏಕಾದಶಿ ಮಾಡುವವರಿಗೆ ಯಾವ ಮದ್ದನ್ನು ಹೇಗೆ ಬದಲಿಸಬೇಕು? ಇಂಥ ಪ್ರಶ್ನೆಗಳಿಗೆ ಕೂಡಿ ಉತ್ತರ ಹುಡುಕಬೇಕು.

ವೈದ್ಯರಿಗೆ ಇಂಗ್ಲಿಷಿನಲ್ಲಿ ನಡೆದರೂ ನಡೆಯಲಿ. ದಾದಿಯರು, ಸಮುದಾಯ ಆರೋಗ್ಯ ಅಧಿಕಾರಿಗಳು, ಆಶಾ ಕಾರ್ಯಕರ್ತೆಯರು, ಔಷಧಿ ಅಂಗಡಿಯವರು ಇವರಿಗೆ ಪಾಠವು ಕನ್ನಡದಲ್ಲಿಯೇ ಆಗಬೇಕು. ಹಂಪಿಯ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ನಡೆದು ಪಾದ ಬೊಕ್ಕೆಯೆದ್ದರೂ ಅರಿಯದ ಮಧುಮೇಹಿಯನ್ನು ಮುಂಚಿತವಾಗಿ ಗುರುತಿಸುವ ಸಾಧನವು ಒಂದು ನೈಲಾನ್ ಎಳೆ ಮಾತ್ರ. ಅದನ್ನು ಪಾದಕ್ಕೆ ಒತ್ತಿದಾಗ 10 ಗ್ರಾಂ ಭಾರದಲ್ಲಿ ಅದು ಬಾಗುವುದು. ಕಂಬವು ಯಾವ ಭಾರಕ್ಕೆ ಬಾಗುವುದೆಂದು ಗಣಿತಜ್ಞ ಆಯ್ಲರನು 18ನೆಯ ಶತಮಾನದಲ್ಲಿ ಕಂಡುಹಿಡಿದ ಸೂತ್ರವೇ ಇಲ್ಲಿ ಕೆಲಸ ಮಾಡುವುದು. ಬಾಗಿದ ಮೇಲೆ ಕೈಯು ಎಷ್ಟು ಒತ್ತಿದರೂ ಪಾದದ ಮೇಲಿನ ಭಾರವು ಹೆಚ್ಚುಕಡಮೆ ಅಷ್ಟೇ ಉಳಿಯುವುದು. ಈ ಸ್ಪರ್ಶವನ್ನು ಅರಿಯದ ಪಾದಕ್ಕೆ ಅಪಾಯವಿದೆ. ಇದನ್ನು ಕಲಿಯಲು ಒಂದು ಮಧ್ಯಾಹ್ನ ಸಾಕು.

ಇನ್ನು ಪಾಠವು ಫಲಿಸಿತೆ ಎಂಬುದನ್ನು ಹಾಜರಿ ಪುಸ್ತಕದಿಂದ ಅಳೆಯಬಾರದು, ರೋಗಿಗಳಿಂದ ಅಳೆಯಬೇಕು. ದಾಖಲೆಯಲ್ಲಿರುವ ಮಧುಮೇಹಿಗಳಲ್ಲಿ ಈ ವರ್ಷ ಪಾದದ ಪರೀಕ್ಷೆಯಾದವರೆಷ್ಟು? ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆಯಾದವರೆಷ್ಟು? ಹೊಸ ಗುಳಿಗೆಯನ್ನು ಸೇವಿಸುವವರಲ್ಲಿ, ವಾಂತಿ ಭೇದಿಯಾದ ದಿನ ಅದನ್ನು ನಿಲ್ಲಿಸಬೇಕೆಂದು ಬಲ್ಲವರೆಷ್ಟು? ಈ ಮೂರು ಅಂಕೆಗಳು ವರ್ಷದಿಂದ ವರ್ಷಕ್ಕೆ ಏರಿದರೆ ಶಿಕ್ಷಣವು ನಡೆದಿದೆಯೆಂದು ಅರ್ಥ.

ವೈದ್ಯರಿಗೆ ಬಿಡುವೆಲ್ಲಿದೆ ಎಂದು ಕೆಲವರು ಆಕ್ಷೇಪಿಸಬಹುದು. ಹೊರರೋಗಿಗಳ ಸಾಲನ್ನು ನೋಡಿದವರು ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಆದಕಾರಣ ಪಾಠದ ಹೊತ್ತು ಕರ್ತವ್ಯದ ಹೊತ್ತಿನಲ್ಲಿಯೇ ಎಣಿಕೆಯಾಗಬೇಕು. ಆ ಹೊತ್ತಿಗೆ ಬದಲಿ ವೈದ್ಯರಿರಬೇಕು. ಹಳೆಯ ಮದ್ದೇ ಸರಿಯಾಗಿ ದೊರೆಯದಿರುವಾಗ ಹೊಸ ಮದ್ದಿನ ಮಾತೇಕೆ ಎಂಬುದು ಇನ್ನೊಂದು ಆಕ್ಷೇಪಣೆ. ಮೆಟ್‌ಫಾರ್ಮಿನ್ನೂ ಇನ್ಸುಲಿನ್ನೂ ಸದಾ ದೊರೆಯುವಂತಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹೊಸ ಮದ್ದು ನಮ್ಮ ಅಪ್ಪಣೆಗೆ ಕಾಯದೆ ಊರಿಗೆ ಬಂದಾಗಿದೆ. ಅದು ಯಾರಿಗೆ ಬೇಡವೆಂಬುದನ್ನು ತಿಳಿಸುವುದೂ ಈ ಶಿಕ್ಷಣದ ಕೆಲಸವೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದರ ಸರಪಳಿಯು ಕಡಿದು ಬಾಗಿಲೇ ಕೊಚ್ಚಿಹೋದುದು ಈ ಸೀಮೆಯವರಿಗೆಲ್ಲ ನೆನಪಿದೆ. ಒಂದು ಸರಪಳಿಗೆ ಎಷ್ಟು ಕಾಲ ನಿಗಾ ಬೇಕೆಂಬುದನ್ನು ಆ ರಾತ್ರಿ ಕಲಿಸಿತು. ವಿದ್ಯೆಯ ಸರಪಳಿಯು ಕಡಿದಾಗ ಶಬ್ದವಾಗುವುದಿಲ್ಲ, ಸೈರನ್ ಕೂಗುವುದಿಲ್ಲ, ಎಲ್ಲಿಯೋ ಒಂದು ಮನೆಯಲ್ಲಿ ಒಬ್ಬನು ಕಾಲನ್ನೋ ಕಣ್ಣನ್ನೋ ಕಳೆದುಕೊಳ್ಳುವನು, ಅಷ್ಟೆ.

ಅಧಿಕಾರಿಗಳು ಈ ಕೆಲಸಕ್ಕೆ ಕೈ ಹಾಕುವವರೆಗೆ ವಾಚಕರೂ ಸುಮ್ಮನಿರಬೇಕಾಗಿಲ್ಲ. ಮನೆಯಲ್ಲಿ ಮಧುಮೇಹಿಗಳಿದ್ದರೆ ಅವರ ಔಷಧದ ಚೀಟಿಯನ್ನು ಹಿಡಿದು ವೈದ್ಯರನ್ನು ವಿನಯದಿಂದ ಕೇಳಿರಿ: ಜ್ವರ ಬಂದ ದಿನ, ವಾಂತಿಯಾದ ದಿನ, ಉಪವಾಸದ ದಿನ ಇವುಗಳಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಲೇಬಾರದು? ನೀವಾಗಿಯೇ ಏನನ್ನೂ ಬದಲಿಸಬೇಡಿರಿ. ಉತ್ತರವನ್ನು ಕನ್ನಡದಲ್ಲಿ ಬರೆಸಿಕೊಂಡು ಮಾತ್ರೆಯ ಡಬ್ಬದೊಳಗೆ ಇಡಿರಿ.